ಬಸುರಿ, ಬಾಣಂತಿಯರಿಗೆ ಯಾರೂ ಮೊದಲೇ ಹೇಳದ ಸಂಗತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯವಳು, ತವರು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆ. ಇಬ್ಬರು ಮಕ್ಕಳ ತಾಯಿ. ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಮೊದಲ ಕೂಸು ಹುಟ್ಟಿದಾಗ ನನಗೆ ಆಗಿದ್ದರಲ್ಲಿ ಅರ್ಧದಷ್ಟನ್ನೂ ಯಾರೂ ಮೊದಲು ಹೇಳಿರಲಿಲ್ಲ. ಕುಬಸದ ದಿನ ಮನೆ ತುಂಬ ಹೆಂಗಸರಿದ್ದರು. ಹಸಿರು ಬಳೆ ಇಡಿಸಿದರು, ಉಡಿ ತುಂಬಿದರು, ಹಾಡಿದರು. ಅವರಲ್ಲಿ ಹಡೆದವರೇ ಜಾಸ್ತಿ. ಒಬ್ಬರಾದರೂ ಪಕ್ಕಕ್ಕೆ ಕರೆದು, ಹಡೆದ ಮೂರನೇ ದಿನವೋ ನಾಲ್ಕನೇ ದಿನವೋ ಸುಮ್ನೆ ಅಳು ಬರುತ್ತದೆ, ಹೆದರಬೇಡ ಅಂದಿದ್ದರೆ ಎಷ್ಟೋ ಆಗುತ್ತಿತ್ತು. ಆಮೇಲೆ ನನ್ನ ತಂಗಿ, ನಾದಿನಿ, ಓಣಿಯ ಹುಡುಗಿಯರು ಒಬ್ಬೊಬ್ಬರಾಗಿ ಬಸುರಿಯಾದಾಗ ನನ್ನ ಹತ್ತಿರ ಬಂದು ಕೇಳತೊಡಗಿದರು, ಮೆಲ್ಲಗೆ, ಅಡುಗೆಮನೆಯಲ್ಲಿ, ಗಂಡಸರು ಹೊರಗೆ ಹೋದ ಮೇಲೆ. ಅದೇ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಇಟ್ಟಿದ್ದೇನೆ. ನನ್ನ ಮೈಮೇಲೆ ಬಂದದ್ದು, ಡಾಕ್ಟರಿಗೆ ಕೇಳಿ ತಿಳಿದದ್ದು, ಓದಿ ತಿಳಿದದ್ದು ಮೂರೂ ಸೇರಿವೆ. ನಿಮ್ಮ ಮೈ ಬೇರೆ, ನಿಮ್ಮ ತಾಯಿ ಕಾರ್ಡಿನಲ್ಲಿ ಬರೆದದ್ದು ಬೇರೆ. ಆದ್ದರಿಂದ ಅನುಮಾನ ಬಂದರೆ ದವಾಖಾನೆಗೆ ಹೋಗುವುದನ್ನು ಮುಂದೂಡಬೇಡಿ.

ಅಕ್ಕಾ, ಬಳಪ ತಿನ್ನಬೇಕು ಅನಿಸುತ್ತದೆ. ಮಳೆ ಬಿದ್ದರೆ ಮಣ್ಣಿನ ವಾಸನೆಗೆ ಬಾಯಲ್ಲಿ ನೀರು ಬರುತ್ತದೆ. ನನಗೆ ಹುಚ್ಚು ಹಿಡಿದಿದೆಯಾ?

ಇಲ್ಲ. ನನ್ನ ನಾದಿನಿ ಐದು ತಿಂಗಳಿದ್ದಾಗ ಸೆರಗಿನ ತುದಿಯಲ್ಲಿ ಬಳಪದ ಚೂರು ಕಟ್ಟಿಕೊಂಡು ತಿರುಗುತ್ತಿದ್ದಳು, ಬೀದರಿನ ಕೆಂಪು ಮಣ್ಣು ಕಂಡರೆ ಕೈ ತಡೆಯುತ್ತಿರಲಿಲ್ಲ ಅಂತ ಆಮೇಲೆ ಹೇಳಿದಳು. ಕೆಲವರಿಗೆ ಬೂದಿ, ಕೆಲವರಿಗೆ ಹಸಿ ಅಕ್ಕಿ, ಮಡಕೆಯ ಚೂರು. ಇದು ಬಯಕೆ ಅಂತ ನಗುತ್ತಾ ಬಿಟ್ಟುಬಿಡುತ್ತಾರೆ, ಆದರೆ ಹುಣಸೆಕಾಯಿ, ಪುಂಡಿಪಲ್ಯದ ಬಯಕೆ ಬೇರೆ, ಇದು ಬೇರೆ. ಮಣ್ಣು, ಬಳಪ ತಿನ್ನುವ ಆಸೆ ಬಹಳ ಸಲ ರಕ್ತ ಕಡಿಮೆ ಇರುವವರಲ್ಲಿ, ಅಂದರೆ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರಲ್ಲಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರು ಬಸುರಿಯರಲ್ಲಿ 52 ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ನಾಚಿಕೆ ಪಡದೆ ಹೇಳಿ, ಹಿಮೋಗ್ಲೋಬಿನ್ ನೋಡಿಸಿ. ಬಸುರಿಯಲ್ಲಿ ಅದು 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತ ಲೆಕ್ಕ. ಮಣ್ಣಿನಿಂದ ಜಂತುಹುಳ ಬರುತ್ತದೆ, ಮಲಬದ್ಧತೆ ಜಾಸ್ತಿಯಾಗುತ್ತದೆ, ಹೊಟ್ಟೆಗೆ ಹೋದ ಕಬ್ಬಿಣವನ್ನೂ ಅದು ಹೀರಲು ಬಿಡುವುದಿಲ್ಲ.

ಆಶಾ ಕಾರ್ಯಕರ್ತೆ ತಂದುಕೊಡುವ ಕೆಂಪು ಗುಳಿಗೆ ಇದಕ್ಕೇ. ಬಸುರಿಯಲ್ಲಿ 180 ದಿನ, ಹಡೆದ ಮೇಲೆ ಮತ್ತೆ 180 ದಿನ ದಿನಕ್ಕೊಂದು ತೆಗೆದುಕೊಳ್ಳಬೇಕು. ಅದನ್ನು ತೆಗೆದುಕೊಂಡರೆ ಮಲ ಕಪ್ಪಗಾಗುತ್ತದೆ, ಅದನ್ನು ನೋಡಿ ಹೆದರಿ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ಕಪ್ಪಗಾಗುವುದು ಸಹಜ. ಚಹಾದ ಜೊತೆ ಮಾತ್ರ ಬೇಡ, ಲಿಂಬೆ ಶರಬತ್ತಿನ ಜೊತೆ ಒಳ್ಳೆಯದು. ಕ್ಯಾಲ್ಸಿಯಂ ಗುಳಿಗೆಯನ್ನು ಅದೇ ಹೊತ್ತಿಗೆ ತಿನ್ನಬೇಡಿ, ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

ವಾಂತಿ ಬೆಳಿಗ್ಗೆ ಮಾತ್ರ ಅಂದಿದ್ದರು. ನನಗೆ ದಿನವಿಡೀ, ಜೊತೆಗೆ ಬಾಯಿ ತುಂಬ ಉಗುಳು.

ಹೊತ್ತು ಗೊತ್ತು ಏನೂ ಇಲ್ಲ ಅದಕ್ಕೆ. ನನಗೆ ಸಂಜೆ ಅತ್ತೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಸಾಕು, ಹಿತ್ತಲಿಗೆ ಓಡುತ್ತಿದ್ದೆ. ಹೆಚ್ಚಿನವರಿಗೆ ಒಂದೂವರೆ ತಿಂಗಳಿಗೆ ಶುರುವಾಗಿ ಮೂರು, ಮೂರೂವರೆ ತಿಂಗಳ ಹೊತ್ತಿಗೆ ತಗ್ಗುತ್ತದೆ. ಬಾಯಲ್ಲಿ ಉಗುಳು ತುಂಬುವುದು, ತಾಮ್ರದ ಚೊಂಬು ನೆಕ್ಕಿದ ಹಾಗೆ ರುಚಿ ಬರುವುದು ಕೂಡ ಇದರ ಜೊತೆಗೇ ಬರುವಂಥವು. ಹಾಸಿಗೆಯಿಂದ ಏಳುವ ಮೊದಲೇ ಒಣ ರೊಟ್ಟಿಯ ತುಂಡೋ ಚುರುಮುರಿಯೋ ಸ್ವಲ್ಪ ಬಾಯಿಗೆ ಹಾಕಿಕೊಳ್ಳಿ. ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ. ಆದರೆ ಕುಡಿದ ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿ ಗಾಢ ಹಳದಿ ಆಗಿದೆ, ತೂಕ ಇಳಿಯುತ್ತಿದೆ, ಎದ್ದರೆ ತಲೆ ತಿರುಗುತ್ತದೆ ಅಂದರೆ ಅದು ಸಹಿಸಿಕೊಂಡು ಕೂರುವ ವಾಂತಿ ಅಲ್ಲ. ಸಲೈನ್ ಬೇಕಾಗುತ್ತದೆ. ನಮ್ಮ ಕಡೆಯ ಬಿಸಿಲಲ್ಲಿ ಮೈಯ ನೀರು ಬೇಗ ಆರುತ್ತದೆ, ಎರಡು ದಿನ ಕಾಯಬೇಡಿ.

ಮೂಗಿನಿಂದ ರಕ್ತ ಬಂತು. ಹಲ್ಲುಜ್ಜಿದರೂ ರಕ್ತ.

ಬಸುರಿಯಲ್ಲಿ ಮೈಯ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಹೆಚ್ಚುತ್ತದೆ. ಮೂಗು, ವಸಡಿನ ಸಣ್ಣ ನಾಳಗಳು ಉಬ್ಬಿ ಸುಲಭವಾಗಿ ಒಡೆಯುತ್ತವೆ. ಮುಂದಕ್ಕೆ ಬಾಗಿ ಮೂಗಿನ ಮೆತ್ತನೆಯ ಭಾಗ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಪದೇ ಪದೇ ಬಂದರೆ, ಬಿಪಿ ನೋಡಿಸಿ.

ಅಂಗೈ, ಅಂಗಾಲು ರಾತ್ರಿ ಭಾಳ ತುರಿಸುತ್ತವೆ. ಗುಳ್ಳೆ ಏನೂ ಇಲ್ಲ. ಎಣ್ಣೆ ಹಚ್ಚಲಾ?

ಹೊಟ್ಟೆಯ ಮೇಲಿನ ಚರ್ಮ ಹಿಗ್ಗುವಾಗ ತುರಿಸಿದರೆ ಕೊಬ್ಬರಿ ಎಣ್ಣೆ ಸಾಕು. ಆದರೆ ಏಳು ತಿಂಗಳಾದ ಮೇಲೆ, ಗುಳ್ಳೆ ಇಲ್ಲದೆ, ಅಂಗೈ ಅಂಗಾಲು ರಾತ್ರಿ ನಿದ್ದೆಗೆಡಿಸುವಷ್ಟು ತುರಿಸಿದರೆ ಎಣ್ಣೆ ಹಚ್ಚುತ್ತಾ ಕೂರಬೇಡಿ. ಪಿತ್ತರಸದ ಹರಿವು ನಿಧಾನವಾಗಿ ಹೀಗಾಗಬಹುದು, ಅದರಿಂದ ಹೊಟ್ಟೆಯೊಳಗಿನ ಕೂಸಿಗೆ ತೊಂದರೆಯಾಗಬಹುದು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಈ ಒಂದು ಮಾತನ್ನು ಮಾತ್ರ ನಾನು ಸಿಕ್ಕ ಸಿಕ್ಕ ಬಸುರಿಯರಿಗೆಲ್ಲ ಹೇಳುತ್ತೇನೆ, ಯಾಕೆಂದರೆ ತುರಿಕೆ ಅಂತ ದವಾಖಾನೆಗೆ ಯಾರು ಹೋಗುತ್ತಾರೆ ಅಂತ ಎಲ್ಲರೂ ಸುಮ್ಮನಿದ್ದುಬಿಡುತ್ತಾರೆ.

ಮುಖದ ಮೇಲೆ ಕಪ್ಪು ಬಂದಿದೆ, ಹೊಕ್ಕಳ ಕೆಳಗೆ ಕರಿ ಗೆರೆ ಮೂಡಿದೆ. ಗಂಡು ಅಂತಾರೆ, ಹೌದಾ?

ಗೆರೆ ಎಲ್ಲರಿಗೂ ಬರಬಹುದು, ಹಾರ್ಮೋನಿನ ಕೆಲಸ ಅದು. ಹಡೆದ ಮೇಲೆ ನಿಧಾನವಾಗಿ ಮಾಸುತ್ತದೆ. ಅದಕ್ಕೂ ಗಂಡು ಹೆಣ್ಣಿಗೂ ಸಂಬಂಧ ಇಲ್ಲ. ನನಗೆ ಎರಡು ಸಲವೂ ಗೆರೆ ಬಂತು, ಮೊದಲನೆಯದು ಹೆಣ್ಣು, ಎರಡನೆಯದು ಗಂಡು. ಸ್ಕ್ಯಾನಿಂಗ್‌ನಲ್ಲಿ ಲಿಂಗ ಕೇಳುವುದೂ ಹೇಳುವುದೂ 1994ರ ಕಾನೂನಿನ ಪ್ರಕಾರ ಅಪರಾಧ. ಮನೆಯವರು ಒತ್ತಾಯ ಮಾಡಿದರೆ ಇದನ್ನೇ ಹೇಳಿ.

ಎಲ್ಲರೂ ಖುಷಿಯಲ್ಲಿದ್ದಾರೆ. ನನಗೆ ಮಾತ್ರ ಖುಷಿ ಇಲ್ಲ. ರಾತ್ರಿ ಕೆಟ್ಟ ಕನಸು.

ಇದು ಕೇಳುವವರು ಕಡಿಮೆ, ಇರುವವರು ಜಾಸ್ತಿ. ಮದುವೆಯಾಗಿ ವರ್ಷ ತುಂಬುವ ಮೊದಲೇ ಬಸುರಿಯಾದವರು, ಡಿಗ್ರಿ ಅರ್ಧಕ್ಕೆ ನಿಂತವರು, ಮೊದಲೊಂದು ಕೂಸು ಕಳೆದುಕೊಂಡವರು, ಗಂಡ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದವರು, ಇವರಿಗೆಲ್ಲ ಖುಷಿಯ ಜೊತೆ ಭಯ ಇರದೆ ಹೇಗೆ? ಏನೂ ಕಾರಣ ಇಲ್ಲದೆಯೂ ಆಗುತ್ತದೆ. ಕೂಸನ್ನು ಎಲ್ಲೋ ಮರೆತು ಬಂದ ಹಾಗೆ, ನೀರಿಗೆ ಬಿದ್ದ ಹಾಗೆ ಬರುವ ಕನಸುಗಳು ಬಸುರಿಯಲ್ಲಿ ಬಹಳ ಸಾಮಾನ್ಯ. ರಾತ್ರಿ ಪದೇ ಪದೇ ಎಚ್ಚರವಾಗುವುದರಿಂದ ಕನಸು ನೆನಪಿನಲ್ಲಿ ಉಳಿಯುತ್ತದೆ ಅಷ್ಟೇ, ಅದು ಶಕುನ ಅಲ್ಲ. ಆದರೆ ಎರಡು ವಾರಕ್ಕೂ ಹೆಚ್ಚು ದಿನ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ ಅಂದರೆ ತಪಾಸಣೆಗೆ ಹೋದಾಗ ಅದನ್ನೂ ಹೇಳಿ. ಪ್ರತಿ ತಿಂಗಳು 9ನೇ ತಾರೀಖು ಸರಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಬಿಪಿ, ತೂಕ ನೋಡುವ ಹಾಗೆ ಮನಸ್ಸನ್ನೂ ಹೇಳಿಕೊಳ್ಳಬಹುದು.

ಕೂಸು ಆಡುವುದು ಗೊತ್ತಾಗುತ್ತಿಲ್ಲ.

ಮೊದಲ ಬಸುರಿಯಲ್ಲಿ 18ರಿಂದ 20 ವಾರಕ್ಕೆ ಗೊತ್ತಾಗುತ್ತದೆ, ಎರಡನೆಯದರಲ್ಲಿ ಸ್ವಲ್ಪ ಮೊದಲೇ. ಶುರುವಿನಲ್ಲಿ ಅದು ಒದೆ ಅಲ್ಲ, ಹೊಟ್ಟೆಯಲ್ಲಿ ಮೀನು ಹೊರಳಿದ ಹಾಗೆ. ನಾನು ಅದನ್ನು ಗ್ಯಾಸ್ ಅಂತಲೇ ತಿಳಿದಿದ್ದೆ. ಚೆನ್ನಾಗಿ ಆಡುತ್ತಿದ್ದ ಕೂಸು ಏಳು ತಿಂಗಳ ಮೇಲೆ ಆಡುವುದು ಕಡಿಮೆ ಮಾಡಿದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ಹೋಗಿ.

ಹಡೆಯುವಾಗ ಮಲ ಆಗಿಬಿಟ್ಟರೆ?

ಆಗುತ್ತದೆ. ಬಹಳ ಜನರಿಗೆ ಆಗುತ್ತದೆ. ಕೂಸಿನ ತಲೆ ಕೆಳಗಿಳಿಯುವಾಗ ಕರುಳಿನ ಮೇಲೆ ಒತ್ತಡ ಬೀಳುತ್ತದೆ, ಸಿಸ್ಟರ್‌ಗಳಿಗೆ ಅದು ದಿನದ ಮಾತು, ಒರೆಸಿ ಮುಂದೆ ಹೋಗುತ್ತಾರೆ. ಇದರ ನಾಚಿಕೆಗೆ ಮುಕ್ಕುವುದನ್ನು ತಡೆಯಬೇಡಿ. ಇನ್ನೊಂದು ಸಂಗತಿ: ಹಡೆದ ಕೂಡಲೇ ಮೈಯೆಲ್ಲ ಗಡಗಡ ನಡುಗುತ್ತದೆ, ಹಲ್ಲು ಕಟಕಟ ಅನ್ನುತ್ತದೆ. ನನಗೆ ಮೇ ತಿಂಗಳ ಮಧ್ಯಾಹ್ನ ಹೀಗಾಯಿತು, ಹೊರಗೆ ಬೆಂಕಿಯಂಥ ಬಿಸಿಲು, ನಾನು ಚಾದರ ಕೇಳುತ್ತಿದ್ದೆ. ಸತ್ತೇ ಹೋಗುತ್ತೇನೆ ಅಂದುಕೊಂಡೆ. ಅರ್ಧ ಗಂಟೆಯಲ್ಲಿ ತಾನೇ ನಿಂತಿತು. ನಾನು ಹಡೆದ ದವಾಖಾನೆಯಲ್ಲಿ ಯಾರೂ ಅದೇನು ಅಂತ ಹೇಳಲಿಲ್ಲ, ಒಬ್ಬರು ಸುಮ್ಮನಿರು ಅಂತ ಗದರಿದರು. ಆ ಗದರಿಕೆ ಇವತ್ತಿಗೂ ಕಿವಿಯಲ್ಲಿದೆ. ಹೆಸರು ಹಿಡಿದು ಒಂದು ಮಾತು ಹೇಳಿದ್ದರೆ, ಇದು ಎಷ್ಟೋ ಜನರಿಗೆ ಆಗುತ್ತದಮ್ಮ ಅಂದಿದ್ದರೆ, ಅವರಿಗೇನು ಹೋಗುತ್ತಿತ್ತು?

ಕೂಸು ಹೊರಗೆ ಬಂದರೂ ಹೊಟ್ಟೆ ಹಾಗೇ ಇದೆ. ಹಾಲು ಕುಡಿಸುವಾಗ ಮತ್ತೆ ಹೆರಿಗೆ ನೋವು.

ಹಡೆದ ಮರುದಿನ ಹೊಟ್ಟೆ ಐದಾರು ತಿಂಗಳ ಬಸುರಿಯ ಹಾಗೆ ಇರುತ್ತದೆ. ಗರ್ಭಕೋಶ ಮೊದಲಿನ ಅಳತೆಗೆ ಬರಲು ಸುಮಾರು ಆರು ವಾರ ಬೇಕು. ಕೂಸು ಮೊಲೆ ಚೀಪಿದಾಗ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬಿಡುಗಡೆಯಾಗುತ್ತದೆ, ಅದು ಗರ್ಭಕೋಶವನ್ನು ಹಿಂಡುತ್ತದೆ, ಆ ಹಿಂಡುವುದೇ ನೋವು. ಎರಡನೇ ಹೆರಿಗೆಯಲ್ಲಿ ಇದು ಜಾಸ್ತಿ. ಮಗನಿಗೆ ಹಾಲು ಕುಡಿಸುವಾಗ ನಾನು ಹೊರಸಿನ ಹಗ್ಗ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ, ಬೆರಳಿನ ಮೇಲೆ ಹಗ್ಗದ ಗುರುತು ಬೀಳುತ್ತಿತ್ತು. ಮೂರು ನಾಲ್ಕು ದಿನಕ್ಕೆ ಕಡಿಮೆಯಾಗುತ್ತದೆ. ತಡೆಯಲಾಗದಿದ್ದರೆ ಡಾಕ್ಟರು ನೋವಿನ ಗುಳಿಗೆ ಕೊಡುತ್ತಾರೆ, ಹಾಲು ಕುಡಿಸುವವರೂ ತೆಗೆದುಕೊಳ್ಳುವಂಥವು ಇವೆ.

ಸಿಜೇರಿಯನ್ ಆದವರಿಗೆ ಹೊಲಿಗೆಯ ಸುತ್ತ ಚರ್ಮ ತಿಂಗಳುಗಟ್ಟಲೆ ಜೋಮು ಹಿಡಿದ ಹಾಗೆ ಇರಬಹುದು. ಅದೂ ಸಹಜ. ಹೊಲಿಗೆ ಕೆಂಪಾಗಿ, ಬಿಸಿಯಾಗಿ, ಕೀವು ಬಂದರೆ ಸಹಜ ಅಲ್ಲ.

ಎಷ್ಟು ದಿನ ರಕ್ತ ಹೋಗುತ್ತದೆ? ಸಿಜೇರಿಯನ್ ಆದರೆ ಹೋಗುವುದಿಲ್ಲ ಅಲ್ವಾ?

ಸಿಜೇರಿಯನ್ ಆದರೂ ಹೋಗುತ್ತದೆ. ನಾಲ್ಕರಿಂದ ಆರು ವಾರ. ಮೊದಲು ಕೆಂಪು, ಆಮೇಲೆ ಕಂದು, ಆಮೇಲೆ ಹಳದಿ ಬಿಳಿ. ರಾತ್ರಿ ಮೈಯೆಲ್ಲ ಬೆವರಿ ಸೀರೆ ಒದ್ದೆಯಾಗುವುದೂ ಮೊದಲ ವಾರಗಳಲ್ಲಿ ಇರುತ್ತದೆ, ಮೈಯಲ್ಲಿ ಸೇರಿದ ನೀರು ಹಾಗೆ ಹೊರಗೆ ಹೋಗುತ್ತದೆ.

ಇವು ಕಂಡರೆ ಮಾತ್ರ 108ಕ್ಕೆ ಫೋನ್ ಮಾಡಿ ಹೊರಟುಬಿಡಿ: ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ, ಲಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ, ಚಳಿ ಜ್ವರ, ಕೆಟ್ಟ ವಾಸನೆ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಫಿಟ್ಸ್. ತಡೆಯಲಾರದ ತಲೆನೋವು ಬಂದು ಕಣ್ಣು ಮಂಜಾದರೂ ಅಷ್ಟೇ. ಬಿಪಿ ಹಡೆದ ಮೇಲೂ ಏರಬಹುದು, ಹಡೆದಾಯಿತು ಗಂಡಾಂತರ ಕಳೆಯಿತು ಅಂತ ತಿಳಿಯಬೇಡಿ.

ಮೂರು ದಿನವಾದರೂ ಹಾಲು ಬಂದಿಲ್ಲ. ಮನೆಯಲ್ಲಿ ಜೇನು, ಸಕ್ಕರೆ ನೀರು ಕೊಡಿ ಅನ್ನುತ್ತಾರೆ.

ಬಂದಿದೆ, ನಿಮಗೆ ಕಾಣುತ್ತಿಲ್ಲ. ಮೊದಲ ಎರಡು ಮೂರು ದಿನ ಬರುವುದು ಹಳದಿಯ, ಅಂಟಾದ ಗಿಣ್ಣದ ಹಾಲು. ಚಮಚದ ಲೆಕ್ಕದಲ್ಲಿ ಇರುತ್ತದೆ, ಆಗತಾನೇ ಹುಟ್ಟಿದ ಕೂಸಿನ ಹೊಟ್ಟೆಯೂ ಅಷ್ಟೇ ಇರುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಅದನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲುತ್ತಿದ್ದರು. ಚೆಲ್ಲಬೇಡಿ, ಕೂಸಿಗೆ ರೋಗ ತಡೆಯುವ ಶಕ್ತಿ ಬರುವುದು ಅದರಿಂದ. ಮೂರು ನಾಲ್ಕನೇ ದಿನಕ್ಕೆ ಹಾಲು ತುಂಬುತ್ತದೆ, ಆಗ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ ಕಂಕುಳವರೆಗೆ ನೋಯುತ್ತದೆ. ಅದಕ್ಕೆ ಔಷಧ ಕೂಸೇ. ಪದೇ ಪದೇ ಕುಡಿಸಿ. ಒಂದು ಕಡೆ ಕೆಂಪಾಗಿ ಜ್ವರ ಬಂದರೆ ದವಾಖಾನೆಗೆ ಹೋಗಿ, ಆದರೆ ಕುಡಿಸುವುದನ್ನು ನಿಲ್ಲಿಸಬೇಡಿ.

ಜೇನು ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಿಂದ ಅಪರೂಪಕ್ಕೆ ಆದರೂ ಪ್ರಾಣಕ್ಕೇ ಬರುವ ವಿಷಬಾಧೆ ಆಗಬಹುದು. ಆರು ತಿಂಗಳವರೆಗೆ ನೀರೂ ಬೇಡ, ನಮ್ಮ ಏಪ್ರಿಲ್, ಮೇ ಬಿಸಿಲಲ್ಲೂ ಬೇಡ. ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ. ಕೂಸಿಗೆ ಬಾಯಾರಿದರೆ ಇನ್ನೊಂದು ಸಲ ಹಾಲು ಕುಡಿಸಿ.

ಬಾಣಂತಿ ನೀರು ಕುಡಿಯಬಾರದು, ಕಿವಿಗೆ ಹತ್ತಿ, ಹೊರಸಿನ ಕೆಳಗೆ ಕೆಂಡ. ಎಲ್ಲ ಮಾಡಬೇಕಾ?

ಈ ಪ್ರಶ್ನೆಗೆ ನಾನು ಮನೆಯಲ್ಲಿ ಜಗಳವನ್ನೇ ಆಡಿದ್ದೇನೆ. ಬಾಣಂತನದಲ್ಲಿ ಒಳ್ಳೆಯದು ಎಷ್ಟೋ ಇದೆ. ತವರಿನಲ್ಲಿ ಮೂರು ಐದು ತಿಂಗಳು ಒಲೆ ಮುಂದೆ ಕೂರದೆ ಇರುವುದು ಎಷ್ಟು ದೊಡ್ಡ ಮಾತು! ಅಳವಿ ಪಾಯಸ, ಅಂಟಿನುಂಡಿ, ಸಬ್ಬಸಿಗೆ ಪಲ್ಯ, ಬಿಸಿ ರೊಟ್ಟಿ ತುಪ್ಪ, ಅವ್ವ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಇವೆಲ್ಲ ಮೈಗೂ ಮನಸ್ಸಿಗೂ ಬೇಕು. ಆದರೆ ನೀರು ಬಿಡುವುದು ತಪ್ಪು. ಹೊರಗೆ 42 ಡಿಗ್ರಿ, ಒಳಗೆ ಹಾಲು ಕುಡಿಸುವ ತಾಯಿ, ದಿನಕ್ಕೆ ಎರಡು ಲೋಟ ನೀರು ಅಂದರೆ ಹೇಗೆ? ತಲೆನೋವು, ಮಲಬದ್ಧತೆ, ಉರಿಮೂತ್ರ ಅಲ್ಲಿಂದಲೇ ಬರುತ್ತವೆ. ಮೊದಲ ಸಲ ನನಗೆ ಅಜ್ಜಿ ನೀರು ಕೊಡುತ್ತಿರಲಿಲ್ಲ, ಹೊಟ್ಟೆ ಮುಂದೆ ಬರುತ್ತದೆ ಅಂತ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಬಚ್ಚಲಿಗೆ ಹೋಗಿ, ಮೈ ತೊಳೆಯಲು ಇಟ್ಟಿದ್ದ ಕೊಡದ ನೀರನ್ನು ಬೊಗಸೆಯಲ್ಲಿ ಕುಡಿದಿದ್ದೇನೆ. ಎರಡನೇ ಸಲ ತಲೆದಿಂಬಿನ ಪಕ್ಕ ಚೊಂಬು ಇಟ್ಟುಕೊಂಡೇ ಮಲಗಿದೆ. ಕಾಯಿಸಿ ಆರಿಸಿದ ನೀರು, ಓಮದ ನೀರು, ಜೀರಿಗೆ ನೀರು, ಹಿರಿಯರಿಗೆ ಯಾವುದು ಒಪ್ಪುತ್ತದೋ ಅದನ್ನೇ ಕುಡಿಯಿರಿ, ಕುಡಿಯುವುದು ಮುಖ್ಯ.

ಕೆಂಡದ ಮಾತಿಗೆ ಬಂದರೆ, ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಕುಳ್ಳಿನ ಹೊಗೆ ತಾಯಿಗೂ ಕೂಸಿಗೂ ಅಪಾಯ. ವಾಸನೆಯೇ ಇಲ್ಲದ ವಿಷಗಾಳಿ ಅದರಲ್ಲಿ ಇರುತ್ತದೆ. ಲೋಬಾನ ಹಾಕಲೇಬೇಕು ಅಂತ ಹಟ ಮಾಡಿದರೆ ಕೂಸನ್ನು ಹೊರಗೆ ಒಯ್ದು, ಕಿಟಕಿ ತೆಗೆದು ಹಾಕಲಿ.

ಐದನೇ ದಿನ. ಕಾರಣ ಇಲ್ಲದೆ ಅಳುತ್ತಿದ್ದೇನೆ. ಎಲ್ಲರೂ ದೃಷ್ಟಿ ಅನ್ನುತ್ತಾರೆ.

ನನಗೆ ಐದನೇ ದಿನವೇ ಬಂತು. ಅವ್ವ ತಟ್ಟೆ ತಂದಿಟ್ಟರು. ಬಿಸಿ ರೊಟ್ಟಿ, ಮೇಲೆ ತುಪ್ಪ, ಪಕ್ಕದಲ್ಲಿ ಸಬ್ಬಸಿಗೆ ಪಲ್ಯ. ರೊಟ್ಟಿಯ ಅಂಚು ಸ್ವಲ್ಪ ಹರಿದಿತ್ತು. ಆ ಹರಿದ ಅಂಚು ನೋಡಿದ್ದೇ ತಡ, ಎದೆಯಿಂದ ಅಳು ಒತ್ತಿ ಬಂತು. ರೊಟ್ಟಿ ಹರಿದಿದ್ದಕ್ಕೆ ಅಳುವುದು ಅಂದರೆ ಏನು? ನನಗೇ ಗೊತ್ತಾಗಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಅತ್ತೆ, ಕೂಸು ಎದ್ದೀತು ಅಂತ. ಅವ್ವ ಒಲೆ ಮುಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಸಂಜೆ ಅಜ್ಜಿ ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು.

ಇಳಿ ತೆಗೆದರೆ ತೆಗೆಯಲಿ, ಅದರಿಂದ ಕೆಡುಕಿಲ್ಲ. ಆದರೆ ನಡೆಯುತ್ತಿರುವುದು ಬೇರೆ. ಒಂಬತ್ತು ತಿಂಗಳು ಏರುತ್ತಾ ಹೋದ ಹಾರ್ಮೋನುಗಳು ಹಡೆದ ಕೆಲವೇ ದಿನಗಳಲ್ಲಿ ಧಡ್ ಅಂತ ಇಳಿಯುತ್ತವೆ. ಮೇಲೆ ನಿದ್ದೆ ಇಲ್ಲ, ಹೊಲಿಗೆ ನೋವು, ಎದೆ ನೋವು. ಹಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮೂರರಿಂದ ಐದನೇ ದಿನದ ಹೊತ್ತಿಗೆ ಹೀಗಾಗುತ್ತದೆ. ಅಳು, ಸಿಟ್ಟು, ಸುಮ್ನೆ ಹೆದರಿಕೆ, ಐದು ನಿಮಿಷದಲ್ಲಿ ನಗು. ಹೆಚ್ಚೆಂದರೆ ಎರಡು ವಾರ. ಔಷಧ ಬೇಡ, ನಿದ್ದೆ ಬೇಕು, ಒಬ್ಬರು ಹತ್ತಿರ ಕೂತಿರಬೇಕು, ಅಳುವವಳಿಗೆ "ಹಾಲು ಕೆಡುತ್ತದೆ, ಅಳಬೇಡ" ಅನ್ನಬಾರದು. ಅತ್ತರೆ ಹಾಲು ಕೆಡುವುದಿಲ್ಲ.

ಕೂಸನ್ನು ಎತ್ತಿಕೊಂಡಾಗ ಪ್ರೀತಿಯೇ ಬರಲಿಲ್ಲ. ಯಾರದೋ ಕೂಸಿನ ಹಾಗೆ ಅನಿಸಿತು.

ನನಗೂ. ಮಗಳನ್ನು ಕೈಗೆ ಕೊಟ್ಟಾಗ ನನಗೆ ಬಂದದ್ದು ದಣಿವು, ಬೇರೇನೂ ಅಲ್ಲ. ಸುಮಾರು ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಎಣ್ಣೆ ಹಚ್ಚುವಾಗ ಅವಳು ನನ್ನ ಮುಖ ನೋಡಿ ನಕ್ಕಳು, ಆವತ್ತು ಒಳಗೆ ಏನೋ ಕರಗಿತು. ಕೆಲವರಿಗೆ ಮೊದಲ ಕ್ಷಣಕ್ಕೇ ಬರುತ್ತದೆ, ಕೆಲವರಿಗೆ ವಾರಗಳು ಬೇಕು. ತಡವಾಗಿ ಬಂದ ಪ್ರೀತಿ ಕಡಿಮೆ ಪ್ರೀತಿ ಅಲ್ಲ.

ಹಾಲು ಇಳಿಯುವ ಮುಂಚೆ ಒಂದು ನಿಮಿಷ ಎದೆ ಖಾಲಿಯಾದ ಹಾಗೆ ದುಃಖ ಬರುತ್ತದೆ, ಆಮೇಲೆ ಹೋಗಿಬಿಡುತ್ತದೆ.

ಇದು ಕೆಲವರಿಗೆ ಆಗುತ್ತದೆ. ಹಾಲು ಇಳಿಯುವ ಹೊತ್ತಿಗೆ ಮಿದುಳಿನಲ್ಲಿ ಡೋಪಮಿನ್ ಇಳಿಯುವುದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ತಿಳಿದವರು ಹೇಳುತ್ತಾರೆ. ನಿಮ್ಮ ಮನಸ್ಸಿನ ತಪ್ಪಲ್ಲ, ಕೂಸನ್ನು ಕಂಡರೆ ಆಗದು ಅಂತಲೂ ಅಲ್ಲ. ಕೆಲವೇ ನಿಮಿಷ ಇರುತ್ತದೆ. ಕುಡಿಸಲು ಕೂರುವ ಮೊದಲು ನೀರು ಕುಡಿಯಿರಿ, ಯಾರ ಜೊತೆಗಾದರೂ ಮಾತಾಡುತ್ತಾ ಕುಡಿಸಿ.

ತಲೆಯಲ್ಲಿ ಭಯಂಕರ ಯೋಚನೆ ಬರುತ್ತದೆ. ಕೂಸು ಕೈಯಿಂದ ಜಾರಿದ ಹಾಗೆ, ಬಿಸಿನೀರಿಗೆ ಬಿದ್ದ ಹಾಗೆ. ಯಾರಿಗೂ ಹೇಳಲಾರೆ.

ಹೇಳಿದ್ದು ಒಳ್ಳೆಯದಾಯಿತು. ಕರೆಯದೆ ಬರುವ ಇಂಥ ಯೋಚನೆಗಳು ಹೊಸ ತಾಯಂದಿರಲ್ಲಿ ಬಹಳ ಸಾಮಾನ್ಯ. ಆ ಯೋಚನೆ ಬಂದಾಗ ನಿಮ್ಮ ಮೈ ಜುಮ್ ಅನ್ನುತ್ತದೆ ಅಲ್ವಾ, ಕೂಸನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತೀರಿ ಅಲ್ವಾ? ಹಾಗಾದರೆ ಅದು ಆಸೆ ಅಲ್ಲ, ಭಯ. ದಿನವಿಡೀ ಅದೇ ತಿರುಗುತ್ತಾ ಕೂಸಿನ ಹತ್ತಿರ ಹೋಗಲೂ ಹೆದರಿಕೆಯಾದರೆ ಚಿಕಿತ್ಸೆ ಇದೆ, ಗುಣವಾಗುತ್ತದೆ.

ಆದರೆ ಇನ್ನೊಂದು ಸ್ಥಿತಿ ಇದೆ, ಅದನ್ನು ಮನೆಯವರು ಗುರುತಿಸಬೇಕು. ಬಾಣಂತಿ ನಿದ್ದೆಯೇ ಮಾಡುತ್ತಿಲ್ಲ, ಇಲ್ಲದ ದನಿ ಕೇಳುತ್ತದೆ ಅನ್ನುತ್ತಾಳೆ, ಯಾರೋ ಕೂಸನ್ನು ಬದಲಾಯಿಸಿದ್ದಾರೆ, ವಿಷ ಹಾಕುತ್ತಿದ್ದಾರೆ ಅನ್ನುತ್ತಾಳೆ, ಮಾತಿಗೆ ಮಾತು ಸೇರುವುದಿಲ್ಲ. ಸಾವಿರ ಹೆರಿಗೆಗೆ ಒಂದೆರಡು ಇಂಥವು ಆಗುತ್ತವೆ. ನಮ್ಮ ಕಡೆ ಇದಕ್ಕೆ ಗಾಳಿ, ದೆವ್ವ ಅಂತ ದರ್ಗಾಕ್ಕೋ ಗುಡಿಗೋ ಕರೆದುಕೊಂಡು ಹೋಗುತ್ತಾ ವಾರ ಕಳೆಯುತ್ತಾರೆ. ಹರಕೆ ಆಮೇಲೆ ತೀರಿಸಬಹುದು. ಅದೇ ದಿನ ದವಾಖಾನೆಗೆ ಕರೆದೊಯ್ಯಿರಿ, ತಾಯಿಯನ್ನೂ ಕೂಸನ್ನೂ ಇಬ್ಬರನ್ನೇ ಬಿಡಬೇಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರಕಾರಿ ಮೆಡಿಕಲ್ ಕಾಲೇಜು ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡೇ ಇದೆ.

ಎರಡು ತಿಂಗಳಾಯಿತು. ಇನ್ನೂ ಮನಸ್ಸು ಎದ್ದಿಲ್ಲ.

ಹಾಗಾದರೆ ಇದು ಮೊದಲ ವಾರದ ಅಳು ಅಲ್ಲ. ಎರಡು ವಾರ ದಾಟಿದರೆ, ಊಟ ಸೇರದಿದ್ದರೆ, ಕೂಸು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ, ನಾನು ಒಳ್ಳೆ ತಾಯಿ ಅಲ್ಲ ಅಂತಲೇ ಅನಿಸುತ್ತಿದ್ದರೆ ಅದು ಕಾಯಿಲೆ, ಸೋಮಾರಿತನ ಅಲ್ಲ. ಭಾರತದ ಅಧ್ಯಯನಗಳನ್ನೆಲ್ಲ ಸೇರಿಸಿ 2017ರಲ್ಲಿ ನೋಡಿದಾಗ ನೂರರಲ್ಲಿ ಸುಮಾರು 22 ತಾಯಂದಿರಿಗೆ ಹೆರಿಗೆ ನಂತರದ ಖಿನ್ನತೆ ಕಂಡಿತ್ತು. ನಿಮ್ಮ ಓಣಿಯಲ್ಲಿ ಈ ವರ್ಷ ಹಡೆದ ಐದು ಜನರಲ್ಲಿ ಒಬ್ಬಳು. ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಅದರಿಂದ ಡಾಕ್ಟರು ಅಂದಾಜು ಮಾಡುತ್ತಾರೆ. ಮಾತಿನ ಚಿಕಿತ್ಸೆ ಇದೆ, ಹಾಲು ಕುಡಿಸುವವರಿಗೂ ಕೊಡಬಹುದಾದ ಗುಳಿಗೆ ಇವೆ. ಮನೆಯಿಂದ ಹೊರಗೆ ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನಿಸಿದರೆ ಬೆಳಗಾಗುವುದನ್ನು ಕಾಯಬೇಡಿ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ ಹೇಳಿ.

ಹೆಣ್ಣು ಹುಟ್ಟಿತು ಅಂತ ಅತ್ತೆ ಮನೆಯಿಂದ ಯಾರೂ ನೋಡಲು ಬರಲಿಲ್ಲ.

ಇದಕ್ಕೆ ನನ್ನ ಹತ್ತಿರ ಗುಳಿಗೆ ಇಲ್ಲ ತಂಗಿ. ನನ್ನ ಮಗಳು ಹುಟ್ಟಿದಾಗಲೂ ಒಬ್ಬರು ಹಿರಿಯರು ತೊಟ್ಟಿಲಿಗೆ ಬಂದು, ಇರಲಿ ಬಿಡು ಮುಂದಿನದು ಗಂಡಾಗಲಿ ಅಂದು ಹೋದರು. ಬಾಣಂತಿಯ ಮನಸ್ಸು ಮುರಿಯುವ ಕಾರಣಗಳಲ್ಲಿ ಇದು ದೊಡ್ಡದು ಅಂತ ಡಾಕ್ಟರುಗಳೂ ಒಪ್ಪುತ್ತಾರೆ. ಕೂಸು ಗಂಡೋ ಹೆಣ್ಣೋ ಆಗುವುದು ತಂದೆಯ ಕಡೆಯಿಂದ ಬರುವ ಕ್ರೋಮೋಸೋಮಿನಿಂದ, ಹಡೆದವಳಿಂದ ಅಲ್ಲ. ಈ ಮಾತನ್ನು ಗಂಡ ತನ್ನ ತಾಯಿಗೆ ಹೇಳಬೇಕು. ಸೊಸೆ ಹೇಳಿದರೆ ಜಗಳ, ಮಗ ಹೇಳಿದರೆ ಮಾತು.

ಕೂದಲು ಹಿಡಿ ಹಿಡಿ ಉದುರುತ್ತಿದೆ.

ಮೂರನೇ ತಿಂಗಳ ಆಸುಪಾಸಿಗೆ ಶುರುವಾಗುತ್ತದೆ. ಬಸುರಿಯಲ್ಲಿ ಉದುರದೆ ಉಳಿದದ್ದು ಈಗ ಒಟ್ಟಿಗೆ ಉದುರುತ್ತದೆ. ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಬ್ಬಿಣದ ಗುಳಿಗೆ ನಿಲ್ಲಿಸಬೇಡಿ. ಕೂಸಿನ ಬೆರಳಿಗೆ ಕೂದಲು ಸುತ್ತಿಕೊಂಡಿದೆಯಾ ಅಂತ ದಿನಾ ನೋಡಿ, ಅದು ಬಿಗಿದರೆ ರಕ್ತ ನಿಲ್ಲುತ್ತದೆ.

ಕೆಮ್ಮಿದರೆ, ನಕ್ಕರೆ ಮೂತ್ರ ಜಾರುತ್ತದೆ. ಗಂಡನ ಹತ್ತಿರ ಹೋಗಲೂ ನೋವು.

ಎರಡೂ ಹೇಳಿಕೊಳ್ಳಲಾಗದ ಮಾತು, ಎರಡಕ್ಕೂ ದಾರಿ ಇದೆ. ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಐದರ ತನಕ ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕೂಸಿಗೆ ಹಾಲು ಕುಡಿಸುತ್ತಲೇ ಮಾಡಬಹುದು. ಮೂರು ತಿಂಗಳಲ್ಲಿ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ, ಕೊಡ ಎತ್ತುವುದನ್ನು ಅಲ್ಲಿಯವರೆಗೆ ಬೇರೆಯವರು ಮಾಡಲಿ. ಹಾಲು ಕುಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜೆನ್ ಕಡಿಮೆ ಇರುವುದರಿಂದ ಒಳಗೆ ಒಣಗಿದ ಹಾಗಿರುತ್ತದೆ, ನೋವಿಗೆ ಅದೊಂದು ಕಾರಣ. ಮೈ ಒಪ್ಪದಿದ್ದರೆ ಬೇಡ ಅನ್ನುವ ಹಕ್ಕು ನಿಮಗಿದೆ. ಮುಟ್ಟು ಬಂದಿಲ್ಲ ಅಂತ ಮೈಮರೆಯಬೇಡಿ, ಮುಟ್ಟು ಬರುವ ಮೊದಲೇ ಮತ್ತೆ ಬಸುರಿ ನಿಲ್ಲಬಹುದು.

ಬೇರೆ ಕೂಸು ಅತ್ತರೂ ನನಗೆ ಹಾಲು ಸುರಿಯುತ್ತದೆ!

ಸುರಿಯುತ್ತದೆ. ನಾನು ಯಾದಗಿರಿಯಿಂದ ರೈಲಿನಲ್ಲಿ ಬರುವಾಗ ಎದುರು ಸೀಟಿನ ಕೂಸು ಅತ್ತಿತು, ವಾಡಿ ಬರುವಷ್ಟರಲ್ಲಿ ನನ್ನ ಕುಪ್ಪಸ ಪೂರ್ತಿ ಒದ್ದೆ. ಕೂಸಿನ ತಾಯಿ ನೋಡಿದಳು, ಏನೂ ಅನ್ನದೆ ತನ್ನ ಟವೆಲ್ ಮಡಿಚಿ ಕೊಟ್ಟಳು. ಮೆತ್ತನೆ ಹತ್ತಿ ಬಟ್ಟೆ ಮಡಿಚಿ ಒಳಗೆ ಇಟ್ಟುಕೊಳ್ಳಿ, ಒದ್ದೆಯಾದ ಕೂಡಲೇ ಬದಲಿಸಿ.

ಎರಡನೇ ಸಲವೂ ಹೀಗೇ ಆಗುತ್ತದಾ?

ಮೈ ತನ್ನ ದಾರಿ ತಾನು ಹಿಡಿಯುತ್ತದೆ. ಮೊದಲ ಸಲ ಖಿನ್ನತೆ ಆಗಿದ್ದರೆ ಎರಡನೇ ಸಲವೂ ಆಗುವ ಸಾಧ್ಯತೆ ಜಾಸ್ತಿ, ಅದನ್ನು ಬಸುರಿಯಿದ್ದಾಗಲೇ ಡಾಕ್ಟರಿಗೆ ಹೇಳಿಡಿ.

ನನಗೆ ಎರಡನೇ ಸಲವೂ ಅಳು ಬಂತು, ನಾಲ್ಕನೇ ದಿನ, ನಸುಕಿನಲ್ಲಿ. ಈ ಸಲ ನಾನು ಬಾಯಿಗೆ ಬಟ್ಟೆ ತುರುಕಿಕೊಳ್ಳಲಿಲ್ಲ. ಅವ್ವನನ್ನು ಕೂಗಿ ಎಬ್ಬಿಸಿದೆ. ಅವ್ವ ಬಂದು ಕೂಸನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. "ಅಳು, ಎಷ್ಟು ಬರ್ತದೋ ಅಷ್ಟು ಅಳು. ನಾ ಕೂಸಿನ ಹಿಡ್ಕೊಂಡು ಕುಂದಿರ್ತೀನಿ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ನಿನ್ನ ಹಡೆದಾಗ ನಾನೂ ಹಿಂಗೇ ಅತ್ತಿದ್ದೆ. ಯಾರಿಗಿ ಹೇಳೂದು? ಹಿತ್ತಲದಾಗ ಕುಳ್ಳು ಒಟ್ಟಿದ್ದರಲ್ಲ, ಅದರ ಹಿಂದ ಹೋಗಿ ಅಳ್ತಿದ್ದೆ" ಅಂದರು. ಮೂವತ್ತು ವರ್ಷದಲ್ಲಿ ಅವ್ವ ಆ ಮಾತು ಹೇಳಿದ್ದು ಅದೇ ಮೊದಲು. ಬೆಳಕು ಹರಿಯುವವರೆಗೆ ಇಬ್ಬರೂ ಮಾತಾಡುತ್ತಾ ಕೂತಿದ್ದೆವು, ಕೂಸು ಅವ್ವನ ಮಡಿಲಲ್ಲೇ ನಿದ್ದೆ ಹೋಗಿತ್ತು.